ಬಳ್ಳಿ ನಮ್ಮದು, ಫೈಲ್ ಯಾರದು?

ಕಲಬುರಗಿಯಲ್ಲಿ ಒಂದು ಭಾನುವಾರ ಆಡಿದ ಮಾತುಗಳಿವು. ಚಿತ್ರಕಲೆ ಓದುವ ಹುಡುಗ ಹುಡುಗಿಯರು ಬಂದಿದ್ದರು. ಪ್ರಿಂಟಿಂಗ್ ಪ್ರೆಸ್, ಫ್ಲೆಕ್ಸ್ ಅಂಗಡಿಗಳಲ್ಲಿ ಕೆಲಸ ಮಾಡುವವರೂ ಇದ್ದರು. ಬರೆಯುವಾಗ ಅಲ್ಲಲ್ಲಿ ವಿವರ ಸೇರಿಸಿದ್ದೇನೆ. ಉಳಿದಂತೆ ಅಲ್ಲಿ ಆಡಿದ ಹಾಗೇ ಇದೆ.

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತಿನ ವಿಷಯ ಚಿತ್ರದ ಫೈಲ್‌ಗಳು. ಅದಕ್ಕೂ ಮೊದಲು ನಾನು ಕೆಲಸ ಮಾಡುತ್ತಿದ್ದ ಅಂಗಡಿಯ ಒಂದು ಸಂಗತಿ ಹೇಳಬೇಕು. 2004ರಲ್ಲಿ ನಾನು ಸ್ಟೇಷನ್ ರಸ್ತೆ ಕಡೆ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಬೀದರಿನಿಂದ ಒಬ್ಬ ಉಸ್ತಾದರು ಬಂದರು. ಬಿದ್ರಿ ಅವರ ಮನೆತನದ ಕಸುಬು. ಸತು ಜಾಸ್ತಿ, ತಾಮ್ರ ಕಮ್ಮಿ ಹಾಕಿ ಎರಕ ಹೊಯ್ದ ಪಾತ್ರೆ. ಅದರ ಮೈಮೇಲೆ ಉಳಿಯಿಂದ ಕೊರೆದ ಗೆರೆ. ಗೆರೆಯೊಳಗೆ ಬೆಳ್ಳಿ ತಂತಿ. ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪು. ನೀವೆಲ್ಲ ನೋಡಿದವರೇ. ಉಸ್ತಾದರ ಕೈಯಲ್ಲಿ ಒಂದು ಬಟ್ಟೆ ಗಂಟಿತ್ತು. ಬಿಚ್ಚಿದರೆ 48 ಹಾಳೆ. ಅವರ ತಂದೆ ಬರೆದಿಟ್ಟಿದ್ದ ಬಳ್ಳಿ, ಹೂವು, ಅಂಚಿನ ನಮೂನೆಗಳು. ಹಾಳೆಗಳು ಹಳದಿಯಾಗಿದ್ದವು. ಮಡಿಚಿದ ಕಡೆ ಹರಿಯುತ್ತಿದ್ದವು. "ಇವನ್ನ ಕಂಪ್ಯೂಟರ್‌ನಾಗ ಹಾಕಿಡು ಬೇಟಾ" ಅಂದರು.

ಮೂರು ತಿಂಗಳು ಕೂತು ಮಾಡಿದೆ. ಹಾಳೆಯನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಮೌಸ್‌ನಿಂದ ಒಂದೊಂದೇ ಗೆರೆ ಎಳೆದೆ. ಅಂಗಡಿಯಲ್ಲಿದ್ದ ಒಂದು ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ, ಅದರದ್ದೇ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡಿದೆ. ಸಿಡಿ ಬರೆದು ಕೊಟ್ಟೆ, ಇನ್ನೊಂದು ನಾನೇ ಇಟ್ಟುಕೊಂಡೆ. ಸ್ಕ್ಯಾನ್‌ಗಳನ್ನು ಜಾಗ ಸಾಲದೆ ಅಳಿಸಿದೆ. ಗೆರೆಗಳೇ ಇವೆಯಲ್ಲ, ಸ್ಕ್ಯಾನ್ ಯಾಕೆ ಅಂದುಕೊಂಡೆ.

2015ರಲ್ಲಿ ಅವರು ಮತ್ತೆ ಬಂದರು. ಮಳೆಗೆ ಮನೆ ಸೋರಿ ಹಾಳೆಗಳ ಗಂಟು ಪೂರ್ತಿ ನೆನೆದುಹೋಗಿತ್ತು. ಅವರ ಮುಖದಲ್ಲಿ ಅಷ್ಟೇನೂ ಚಿಂತೆ ಇರಲಿಲ್ಲ. "ಕಾಗದ ಹೋದ್ರ ಹೋಗ್ಲಿ, ನಿನ್ನ ಹತ್ರ ಅವಲ್ಲ" ಅಂದರು. ಸಿಡಿ ತೆಗೆದೆ. ಸಿಡಿ ಚೆನ್ನಾಗಿತ್ತು. 48 ಫೈಲೂ ಇದ್ದವು. ಒಂದೂ ತೆರೆಯಲಿಲ್ಲ. ಆ ಸಾಫ್ಟ್‌ವೇರ್ ಮಾಡಿದವರು ಅದನ್ನು ಎಂದೋ ನಿಲ್ಲಿಸಿಬಿಟ್ಟಿದ್ದರು. ಹಳೇ ಕಂಪ್ಯೂಟರ್ ಗುಜರಿಗೆ ಹೋಗಿತ್ತು. ಹೊಸ ವಿಂಡೋಸ್‌ನಲ್ಲಿ ಆ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲಿಲ್ಲ. ಬೇರೆ ಯಾವ ಸಾಫ್ಟ್‌ವೇರ್‌ಗೂ ಆ ಫೈಲ್ ಏನಂತ ಗೊತ್ತಿಲ್ಲ. ಉಸ್ತಾದರು ಸುಮ್ಮನೆ ಕೂತರು. ನನ್ನನ್ನು ಬಯ್ಯಲಿಲ್ಲ. ಚಹಾ ಆರಿಹೋಯಿತು. ಆ ಹೊತ್ತನ್ನು ನಾನು ಮರೆತಿಲ್ಲ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಅಂದಿನಿಂದ. ಫೈಲ್ ಕಳೆದಿರಲಿಲ್ಲ. ಸಿಡಿ ಕೆಟ್ಟಿರಲಿಲ್ಲ. ಕಳೆದದ್ದು ಫೈಲನ್ನು ಓದುವ ಬಗೆ.

ಫೈಲ್ ಅಂದರೆ ಸಂಖ್ಯೆಗಳ ಸಾಲು, ಅಷ್ಟೇ. ಯಾವ ಸಂಖ್ಯೆ ಬಣ್ಣ, ಯಾವುದು ಅಗಲ, ಎಲ್ಲಿ ಒಂದು ಲೇಯರ್, ಅಂದರೆ ಚಿತ್ರದ ಒಂದು ಪದರ, ಮುಗಿದು ಇನ್ನೊಂದು ಶುರುವಾಗುತ್ತದೆ ಅನ್ನುವುದನ್ನು ಇನ್ನೆಲ್ಲೋ ಬರೆದಿಟ್ಟಿರುತ್ತಾರೆ. ಆ ಬರಹವೇ ಫಾರ್ಮ್ಯಾಟ್. ಅದು ಎಲ್ಲರ ಕೈಗೆ ಸಿಗುವಂತಿದ್ದು, ಯಾರು ಬೇಕಾದರೂ ಅದನ್ನು ನೋಡಿ ಸಾಫ್ಟ್‌ವೇರ್ ಮಾಡಬಹುದಾದರೆ ಮುಕ್ತ ಫಾರ್ಮ್ಯಾಟ್. ಒಂದೇ ಕಂಪನಿಯ ಬೀರುವಿನಲ್ಲಿದ್ದರೆ ಮುಚ್ಚಿದ ಫಾರ್ಮ್ಯಾಟ್.

ಡಿಟಿಪಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಮ್ಯಾಟರನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಏನು ಬರುತ್ತದೆ? ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯಾಕೆಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದರು. ಫೈಲ್‌ನಲ್ಲಿ ಕನ್ನಡ ಇಲ್ಲವೇ ಇಲ್ಲ. ಕನ್ನಡ ಇರುವುದು ಫಾಂಟ್‌ನಲ್ಲಿ. ಯುನಿಕೋಡ್‌ನಲ್ಲಿ ಹಾಗಲ್ಲ. ಅದು ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದ್ದೇ ಜಾಗ ಸಿಕ್ಕಿತು. ಆ ಪಟ್ಟಿ ಎಲ್ಲರಿಗೂ ತೆರೆದಿದೆ. ಹಾಗಾಗಿ ಇಲ್ಲಿ ಟೈಪ್ ಮಾಡಿದ 'ಕ' ಯಾದಗಿರಿಯ ಫೋನಿನಲ್ಲೂ 'ಕ', ಸುರಪುರದ ಲ್ಯಾಪ್‌ಟಾಪ್‌ನಲ್ಲೂ 'ಕ'. ನುಡಿ ನಮಗೆ ಮಾಡಿದ ಉಪಕಾರ ದೊಡ್ಡದು. ಅದಿಲ್ಲದಿದ್ದರೆ ಆ ದಿನಗಳಲ್ಲಿ ನಾವು ಎಷ್ಟೋ ಕೆಲಸ ಮಾಡಲು ಆಗುತ್ತಿರಲಿಲ್ಲ. ಮುಂದೆ ಅದೂ ಯುನಿಕೋಡ್‌ಗೆ ಬಂತು. ಅಕ್ಷರದಲ್ಲಿ ನಾವು ಕಲಿತ ಪಾಠವನ್ನು ಚಿತ್ರದಲ್ಲಿ ಇನ್ನೂ ಕಲಿತಿಲ್ಲ. ನನ್ನ ದುಃಖ ಅದು.

ಈಗ ಪರದೆ ನೋಡಿ. ಇಂಕ್‌ಸ್ಕೇಪ್ ತೆರೆದಿದ್ದೇನೆ. ಚಿತ್ರ ಬರೆಯುವ ಮುಕ್ತ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ಬಳಸಿ, ಅದರ ಕೋಡ್ ನೋಡಿ ತಿದ್ದಬಹುದಾದದ್ದು. ಇದು 2003ರಲ್ಲಿ ಸೋಡಿಪೋಡಿ ಅನ್ನುವ ಇನ್ನೊಂದು ಮುಕ್ತ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಒಂದು ಚೌಕ ಬರೆಯುತ್ತೇನೆ. ಒಳಗೆ 'ಕಲಬುರಗಿ' ಅಂತ ಟೈಪ್ ಮಾಡುತ್ತೇನೆ. ಸೇವ್. ಇದೇ ಫೈಲನ್ನು ಈಗ ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೇನೆ. ಓದಿ ನೋಡಿ. ರೆಕ್ಟ್ ಅಂತಿದೆ, ಅಂದರೆ ಚೌಕ. ಮುಂದೆ ವಿಡ್ತ್, ಹೈಟ್, ಅವುಗಳ ಅಳತೆ. ಫಿಲ್ ಅಂತಿದೆ, ಅಲ್ಲೇ ಬಣ್ಣ. ಇನ್ನೂ ಕೆಳಗೆ ಬನ್ನಿ. 'ಕಲಬುರಗಿ' ಅಂತ ಕನ್ನಡದಲ್ಲೇ ಕಾಣಿಸುತ್ತಿದೆ, ಅಲ್ವಾ? ಇದು ಎಸ್‌ವಿಜಿ. ವೆಬ್‌ನ ಮಾನಕಗಳನ್ನು ಮಾಡುವ ಡಬ್ಲ್ಯು3ಸಿ ಅನ್ನುವ ಸಂಸ್ಥೆ 2001ರಲ್ಲಿ ಇದರ ಮೊದಲ ಆವೃತ್ತಿಯನ್ನು ಎಲ್ಲರ ಮುಂದಿಟ್ಟಿತು. ನಾಳೆ ಇಂಕ್‌ಸ್ಕೇಪ್ ನಿಂತೇ ಹೋದರೂ ನೋಟ್‌ಪ್ಯಾಡ್‌ನಲ್ಲಿ ಓದಿ, ಕೈಯಿಂದಲೇ ಈ ಚೌಕವನ್ನು ಮತ್ತೆ ಬರೆಯಬಹುದು. ಬ್ರೌಸರ್‌ನಲ್ಲಿ ಹಾಕಿದರೆ ಅಲ್ಲೂ ಕಾಣುತ್ತದೆ.

ಲಗ್ನಪತ್ರಿಕೆ ಮಾಡುವವರು ಇದರ ಲಾಭ ಬೇಗ ಹಿಡಿಯುತ್ತಾರೆ. ಒಂದೇ ಮನೆಯ ಮದುವೆ. ಹುಡುಗನ ಕಡೆಗೆ ಒಂದು ಕಾರ್ಡು, ಹುಡುಗಿಯ ಕಡೆಗೆ ಒಂದು, ಜೊತೆಗೆ ಫ್ಲೆಕ್ಸು, ಸ್ವಾಗತದ ಬ್ಯಾನರು. ಮುಹೂರ್ತದ ಹೊತ್ತು ಬದಲಾಯಿತು ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ. ಅಕ್ಷರ ಅಕ್ಷರವಾಗಿಯೇ ಇರುವ ಎಸ್‌ವಿಜಿ ಆದರೆ ನಾಲ್ಕೂ ಫೈಲ್‌ನಲ್ಲಿ ಹುಡುಕಿ ಬದಲಿಸುವುದು ಎರಡು ನಿಮಿಷದ ಕೆಲಸ.

ಈಗ ಇದೇ ನೋಟ್‌ಪ್ಯಾಡ್‌ನಲ್ಲಿ ಒಂದು ಸಿಡಿಆರ್ ಫೈಲ್, ಅಂದರೆ ಕೋರೆಲ್‌ಡ್ರಾ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನ ಫೈಲ್, ತೆರೆಯುತ್ತೇನೆ. ನಮ್ಮ ಕಡೆ ಪ್ರೆಸ್‌ಗಳಲ್ಲಿ ಕೋರೆಲ್‌ಡ್ರಾ ಬಿಟ್ಟರೆ ಬೇರೆ ಮಾತಿಲ್ಲ. 1989ರಲ್ಲಿ ಬಂದ ಸಾಫ್ಟ್‌ವೇರ್, ಕೆಲಸಕ್ಕೆ ಒಳ್ಳೆಯದೇ. ಆದರೆ ಫೈಲ್ ನೋಡಿ. ಚೌಕುಳಿ, ಪ್ರಶ್ನೆ ಚಿಹ್ನೆ, ಎಲ್ಲೋ ಒಂದೆರಡು ಅಕ್ಷರ. ಓದುವುದಕ್ಕೆ ಏನೂ ಇಲ್ಲ. ಇದನ್ನು ಓದುವ ಬಗೆಯನ್ನು ಕಂಪನಿ ಹೊರಗಿನವರಿಗೆ ಬರೆದು ಕೊಟ್ಟಿಲ್ಲ.

ಹಾಗಾದರೆ ಇಂಕ್‌ಸ್ಕೇಪ್‌ನಲ್ಲಿ ಸಿಡಿಆರ್ ತೆರೆಯುತ್ತದಲ್ಲ, ಅದು ಹೇಗೆ ಅಂತ ಯಾರೋ ಕೇಳಿದರು. ಒಳ್ಳೆ ಪ್ರಶ್ನೆ. ಇಲ್ಲಿ ಸ್ವಲ್ಪ ನಿಲ್ಲೋಣ. ಇದರ ಹಿಂದೆ ಇರುವ ದುಡಿಮೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಬಗೆ ಗೊತ್ತಿಲ್ಲದ ಫೈಲನ್ನು ಹೇಗೆ ಓದುತ್ತಾರೆ ಗೊತ್ತಾ? ಒಂದು ಚೌಕ ಬರೆದು ಸೇವ್ ಮಾಡುತ್ತಾರೆ. ಅದೇ ಚೌಕವನ್ನು ಒಂದು ಮಿಲಿಮೀಟರ್ ಅಗಲ ಮಾಡಿ ಇನ್ನೊಂದು ಹೆಸರಲ್ಲಿ ಸೇವ್ ಮಾಡುತ್ತಾರೆ. ಎರಡೂ ಫೈಲಿನ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸ ಬಂತು ನೋಡುತ್ತಾರೆ. ಅಲ್ಲಿ ಅಗಲ ಇರಬಹುದು. ಆಮೇಲೆ ಬಣ್ಣ ಬದಲಿಸುತ್ತಾರೆ. ಆಮೇಲೆ ಗೆರೆಯ ದಪ್ಪ. ಹೀಗೆ ಸಾವಿರ ಸಲ. ಅಷ್ಟು ಮಾಡಿ ಮುಗಿಸುವ ಹೊತ್ತಿಗೆ ಕಂಪನಿ ಹೊಸ ಆವೃತ್ತಿ ಬಿಡುತ್ತದೆ, ಫೈಲಿನ ಒಳರಚನೆ ಬದಲಾಗುತ್ತದೆ, ಮತ್ತೆ ಮೊದಲಿಂದ. ಇಂಥ ದುಡಿಮೆಯಿಂದ ಲಿಬ್‌ಸಿಡಿಆರ್ ಅನ್ನುವ ಮುಕ್ತ ಸಾಫ್ಟ್‌ವೇರ್ ತುಣುಕು ಹುಟ್ಟಿತು. 2012ರಲ್ಲಿ ಲಿಬ್ರೆಆಫೀಸ್ ಅನ್ನುವ ಮುಕ್ತ ಆಫೀಸ್ ಸಾಫ್ಟ್‌ವೇರ್‌ನ 3.6 ಆವೃತ್ತಿಯಲ್ಲಿ ಸೇರಿತು. 2015ರ ಇಂಕ್‌ಸ್ಕೇಪ್ 0.91ಕ್ಕೂ ಬಂತು. ಇದು ಸಿಡಿಆರ್ ಓದುತ್ತದೆ, ಬರೆಯುವುದಿಲ್ಲ. ಎಲ್ಲ ಫೈಲೂ ಪೂರ್ತಿ ಸರಿಯಾಗಿ ಬರುವುದೂ ಇಲ್ಲ. ಆದರೂ ಹಳೇ ಸಿಡಿಆರ್ ಕೈಯಲ್ಲಿ ಹಿಡಿದು ನಿಂತವನಿಗೆ ಅದೇ ದೊಡ್ಡ ಆಸರೆ.

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ನಮ್ಮದೇ ಜಿಲ್ಲೆಯ ಸನ್ನತಿ. ಭೀಮಾ ನದಿಯ ದಂಡೆ. ಅಲ್ಲಿ ಅಶೋಕನ ಶಾಸನ ಕೊರೆದ ಕಲ್ಲೊಂದು ದೇವಿಯ ಮೂರ್ತಿಗೆ ಪೀಠವಾಗಿ ಸೇರಿಹೋಗಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಚಿತ್ರವೇ ಇದೆ, ಬ್ರಾಹ್ಮಿ ಲಿಪಿಯಲ್ಲಿ ಹೆಸರಿನ ಸಮೇತ. ಕಲ್ಲು ಗಟ್ಟಿ. ಅಕ್ಷರವೂ ಗಟ್ಟಿ. ಆದರೆ ಎಷ್ಟೋ ಶತಮಾನ ಬ್ರಾಹ್ಮಿಯನ್ನು ಓದುವವರೇ ಇರಲಿಲ್ಲ. ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿ ತಂದ. ಅದರ ಮೇಲೇನು ಬರೆದಿದೆ ಅಂತ ಹೇಳುವವರು ಅವನಿಗೆ ಸಿಗಲಿಲ್ಲ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ. ಹೇಗೆ? ಸಾಂಚಿಯ ಚಿಕ್ಕ ಚಿಕ್ಕ ಬರಹಗಳ ಕೊನೆಯಲ್ಲಿ ಒಂದೇ ಥರದ ಅಕ್ಷರಗಳು ಮತ್ತೆ ಮತ್ತೆ ಬರುತ್ತಿದ್ದವು. ದಾನ ಕೊಟ್ಟವರ ಹೆಸರಿರಬೇಕು, ಕೊನೆಯ ಪದ 'ದಾನಂ' ಇರಬೇಕು ಅಂತ ಊಹಿಸಿದ. ಅಲ್ಲಿಂದ ಗಂಟು ಬಿಚ್ಚಿತು. ಎರಡು ಬರಹ ಪಕ್ಕಪಕ್ಕ ಇಟ್ಟು ಹೋಲಿಸುವ ಅದೇ ಕೆಲಸವನ್ನೇ ಸಿಡಿಆರ್ ಓದಲು ಹೊರಟವರೂ ಮಾಡಿದ್ದು. ಬ್ರಾಹ್ಮಿ ಕಾಲದ ಏಟಿಗೆ ಮರೆತುಹೋಯಿತು. ಆದರೆ 2004ರ ಬಳ್ಳಿಯನ್ನು 2015ರಲ್ಲಿ ಓದಲಾಗದೆ ಹೋಗುವುದಕ್ಕೆ ಏನು ಕಾರಣ ಕೊಡೋಣ?

ಹಾಗಂತ ಮುಕ್ತ, ಮುಚ್ಚಿದ ಅಂತ ಎರಡೇ ಗುಂಪು ಮಾಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಡುವೆ ಬಹಳ ಥರ ಇವೆ. ಇದನ್ನು ಚೆನ್ನಾಗಿ ಕಲಿಸಿದ್ದು ಜಿಫ್ ಅನ್ನುವ ಚಿತ್ರದ ಫಾರ್ಮ್ಯಾಟ್.

ಜಿಫ್ 1987ರಲ್ಲಿ ಕಾಂಪ್ಯುಸರ್ವ್ ಅನ್ನುವ ಅಮೆರಿಕದ ಕಂಪನಿ ಮಾಡಿದ್ದು. ಅದರ ವಿವರಣೆಯನ್ನು ಎಲ್ಲರಿಗೂ ಕೊಟ್ಟರು, ಬಳಸಿ ಅಂದರು. ಜಗತ್ತು ಬಳಸಿತು. ಫೈಲ್ ಚಿಕ್ಕದು ಮಾಡಲು ಅದರೊಳಗೆ ಎಲ್‌ಜೆಡ್‌ಡಬ್ಲ್ಯು ಅನ್ನುವ ವಿಧಾನ ಇತ್ತು. ಆ ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಡಿಸೆಂಬರ್ ಕೊನೆಗೆ, ಜಿಫ್ ಬರೆಯುವ ಸಾಫ್ಟ್‌ವೇರ್ ಮಾಡುವವರು ದುಡ್ಡು ಕೊಡಬೇಕು ಅನ್ನುವ ಸುದ್ದಿ ಬಂತು. ನೋಡಿ, ವಿವರಣೆ ತೆರೆದೇ ಇತ್ತು. ಆದರೆ ಬಳಸುವ ಹಕ್ಕಿಗೆ ಬೀಗ ಬಿತ್ತು. ಮುಕ್ತ ಸಾಫ್ಟ್‌ವೇರ್ ಮಾಡುವವರು ಪುಕ್ಕಟೆ ಹಂಚುವವರು. ಅವರು ಯಾರಿಂದ ವಸೂಲು ಮಾಡಿ ಕೊಡಬೇಕು? ಡೆಬಿಯನ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂನಲ್ಲಿ, ಫೋಟೋ ತಿದ್ದುವ ಗಿಂಪ್ ಸಾಫ್ಟ್‌ವೇರ್ ಒಂದು ಕಡೆ, ಗಿಂಪ್‌ನ ಜಿಫ್ ಭಾಗ ಇನ್ನೊಂದು ಕಡೆ, ಮುಕ್ತವಲ್ಲದ ಸಾಮಾನಿನ ಸಾಲಿನಲ್ಲಿ ಇಡಬೇಕಾಯಿತು. ಅಮೆರಿಕದಲ್ಲಿ ಆ ಪೇಟೆಂಟ್ ಮುಗಿದದ್ದು 2003ರ ಜೂನ್ 20ಕ್ಕೆ.

ಆದರೆ ಜನ ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಸುದ್ದಿ ಬಂದ ಒಂದೇ ವಾರದಲ್ಲಿ, 1995ರ ಜನವರಿ 4ರಂದು, ಥಾಮಸ್ ಬೂಟೆಲ್ ಹೊಸ ಫಾರ್ಮ್ಯಾಟ್‌ನ ಮೊದಲ ಕರಡನ್ನು ಎಲ್ಲರ ಮುಂದಿಟ್ಟ. ಬೇರೆ ಬೇರೆ ಊರಿನ ಜನ ಸೇರಿ ತಿದ್ದಿದರು. 1996ರ ಅಕ್ಟೋಬರ್ 1ಕ್ಕೆ ಅದು ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂತು. ಅದೇ ನಾವು ದಿನಾ ಬಳಸುವ ಪಿಎನ್‌ಜಿ. ಜಿಫ್‌ಗೆ 256 ಬಣ್ಣದ ಮಿತಿ ಇತ್ತು. ಪಿಎನ್‌ಜಿ ಲಕ್ಷಾಂತರ ಬಣ್ಣ ಹಿಡಿಯುತ್ತದೆ, ನೆರಳಿನ ಹಾಗೆ ಅರೆಬರೆ ಪಾರದರ್ಶಕವೂ ಆಗುತ್ತದೆ.

ಪಿಎನ್‌ಜಿ ಮಾಡಿದವರ ಕಾಳಜಿ ನೋಡಬೇಕು ನೀವು. ಯಾವ ಪಿಎನ್‌ಜಿ ಫೈಲ್ ತೆಗೆದುಕೊಂಡರೂ ಮೊದಲ ಎಂಟು ಸಂಖ್ಯೆ ಒಂದೇ: 137, 80, 78, 71, 13, 10, 26, 10. ನಡುವಿನ 80, 78, 71 ಅಂದರೆ ಪಿ, ಎನ್, ಜಿ ಅಕ್ಷರಗಳು. ಉಳಿದವು ಸುಮ್ನೆ ಹಾಕಿದ್ದಲ್ಲ. ಆಗ ಫೈಲ್ ಕಳಿಸುವ ಕೆಲವು ಸಾಫ್ಟ್‌ವೇರ್‌ಗಳು ದೊಡ್ಡ ಸಂಖ್ಯೆಗಳ ಒಂದು ಬಿಟ್ ಕತ್ತರಿಸಿಬಿಡುತ್ತಿದ್ದವು. ಆ ಬಿಟ್‌ನ ಬೆಲೆ 128. ಹಾಗಾದರೆ 137 ಹೋಗಿ 9 ಆಗುತ್ತದೆ. ಇನ್ನು ಕೆಲವು, ಸಾಲು ಮುಗಿದ ಗುರುತು ಅಂದುಕೊಂಡು 13, 10 ಅನ್ನು ತಿರುಚುತ್ತಿದ್ದವು. ಚಿತ್ರ ದಾರಿಯಲ್ಲಿ ಕೆಟ್ಟಿದೆಯಾ ಅಂತ ಬಾಗಿಲಲ್ಲೇ ಗೊತ್ತಾಗಲಿ ಅಂತ ಈ ಏರ್ಪಾಡು. ಒಳಗೆ ಇನ್ನೂ ಚೆಂದ. ಫೈಲ್ ತುಣುಕು ತುಣುಕಾಗಿರುತ್ತದೆ, ಪ್ರತಿ ತುಣುಕಿಗೂ ನಾಲ್ಕಕ್ಷರದ ಹೆಸರು. ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರವಾದರೆ ಈ ತುಣುಕು ಅರ್ಥವಾಗದೆ ಚಿತ್ರ ತೋರಿಸಬೇಡ ಅಂತ. ಚಿಕ್ಕಕ್ಷರವಾದರೆ, ಗೊತ್ತಿಲ್ಲದಿದ್ದರೆ ಬಿಟ್ಟು ಮುಂದೆ ಹೋಗು ಅಂತ. ಹಳೇ ಸಾಫ್ಟ್‌ವೇರ್‌ಗೆ ಹೊಸ ಫೈಲ್ ಸಿಕ್ಕರೂ ಕೆಲಸ ನಿಲ್ಲಬಾರದು ಅಂತ ಹೀಗೆ ಮಾಡಿದರು. ನಾಳೆ ಬರುವ, ತಾವು ನೋಡದ ಜನರನ್ನು ನೆನೆದು ಬರೆದ ಫಾರ್ಮ್ಯಾಟ್ ಇದು.

ಫೋಟೋಶಾಪ್‌ನ ಪಿಎಸ್‌ಡಿ ಇನ್ನೊಂದು ಥರ. ಅದರ ವಿವರಣೆಯನ್ನು ಅಡೋಬಿ ಪ್ರಕಟಿಸಿದೆ. ಗಿಂಪ್ ಮತ್ತು ಚಿತ್ರ ಬರೆಯುವ ಇನ್ನೊಂದು ಮುಕ್ತ ಸಾಫ್ಟ್‌ವೇರ್ ಕ್ರಿಟಾ, ಎರಡೂ ಅದನ್ನು ತೆರೆಯುತ್ತವೆ. ಆದರೆ ಅದರಲ್ಲಿ ಮುಂದೆ ಏನು ಸೇರಬೇಕು, ಏನು ಬದಲಾಗಬೇಕು ಅನ್ನುವುದು ಒಂದೇ ಕಂಪನಿಯ ತೀರ್ಮಾನ. ಉಳಿದವರು ಹಿಂದೆ ಹಿಂದೆ ಓಡಬೇಕು. ಗಿಂಪ್ 2.10ರಲ್ಲಿ ಪಿಎಸ್‌ಡಿ ತೆರೆದವರಿಗೆ ಅನುಭವ ಇರುತ್ತದೆ. ಲೇಯರ್‌ಗಳು ಬರುತ್ತವೆ, ಅಕ್ಷರದ ಲೇಯರ್ ಮಾತ್ರ ತಿದ್ದಲಾಗದ ಚಿತ್ರವಾಗಿ ಬಂದು ಕೂರುತ್ತದೆ. 2013ರಿಂದ ಅಡೋಬಿ ತಿಂಗಳ ಬಾಡಿಗೆಯ ಪದ್ಧತಿಗೆ ಹೋಯಿತು. ಬಾಡಿಗೆ ಕಟ್ಟುವುದು ನಿಂತರೆ ಸಾಫ್ಟ್‌ವೇರ್ ನಿಲ್ಲುತ್ತದೆ. ನಿಮ್ಮ ಹತ್ತು ವರ್ಷದ ಕೆಲಸ ಆ ಸಾಫ್ಟ್‌ವೇರ್‌ನಲ್ಲಿ ಮಾತ್ರ ಪೂರ್ತಿ ತೆರೆಯುತ್ತದೆ ಅಂದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಇದೇ ಅಡೋಬಿ 1993ರಲ್ಲಿ ಪಿಡಿಎಫ್ ಮಾಡಿತು, 2008ರಲ್ಲಿ ಅದು ಐಎಸ್ಒ ಮಾನಕವಾಯಿತು. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಇವತ್ತು ಪ್ರೆಸ್‌ಗೆ ಕಳಿಸಲು ಪಿಡಿಎಫ್‌ನಷ್ಟು ಅನುಕೂಲ ಬೇರೆ ಇಲ್ಲ.

ಇನ್ನು ಗಿಂಪ್‌ನ ಸ್ವಂತ ಫಾರ್ಮ್ಯಾಟ್ ಎಕ್ಸ್‌ಸಿಎಫ್. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ಬರೆಯಲು ಶುರು ಮಾಡಿದರು. ಅಲ್ಲಿನ ವಿದ್ಯಾರ್ಥಿಗಳ ಕಂಪ್ಯೂಟರ್ ಕೂಟದ ಹೆಸರೇ ಈ ಫಾರ್ಮ್ಯಾಟ್‌ಗೆ ಬಂತು. ಇದರ ವಿವರಣೆಯನ್ನು ಗಿಂಪ್ ಮಾಡುವವರೇ ಪ್ರಕಟಿಸಿದ್ದಾರೆ, ಯಾರು ಬೇಕಾದರೂ ಓದಬಹುದು. ಆದರೆ ಇದು ಗಿಂಪ್‌ನ ಒಳಗಿನ ಕೆಲಸಕ್ಕೆ ಅಂತಲೇ ಮಾಡಿದ್ದು. ಗಿಂಪ್ ಬೆಳೆದಂತೆ ಇದೂ ಬದಲಾಗುತ್ತದೆ. ಹೊಸ ಗಿಂಪ್‌ನಲ್ಲಿ ಮಾಡಿದ ಕೆಲವು ಫೈಲ್ ಹಳೇ ಗಿಂಪ್‌ನಲ್ಲಿ ತೆರೆಯುವುದಿಲ್ಲ. ಮುಕ್ತವಾಗಿದ್ದ ಮಾತ್ರಕ್ಕೆ ಎಲ್ಲ ಕಡೆ ನಡೆಯುತ್ತದೆ ಅಂತ ತಿಳಿಯಬಾರದು.

ಇಲ್ಲೇ ಒಬ್ಬ ಹುಡುಗ ಎದ್ದು ಕೇಳಿದ: "ಸರ, ಗಿಂಪ್‌ದಾಗ ಸೇವ್ ಕೊಟ್ರ ಜೆಪಿಜಿ ಆಗಂಗಿಲ್ಲ. ಎಕ್ಸ್‌ಪೋರ್ಟ್ ಮಾಡು ಅಂತದ. ಸುಮ್ನೆ ತ್ರಾಸ್ ಯಾಕ್ರಿ?" 2012ರ ಗಿಂಪ್ 2.8ರಿಂದ ಹೀಗಿದೆ. ಬೇಜಾರಾಗುವುದು ಸಹಜ. ಆದರೆ ಇದರಲ್ಲಿ ಒಂದು ವಿವೇಕ ಇದೆ ಅಂತ ನನಗೆ ಅನಿಸುತ್ತದೆ. ಸೇವ್ ಅಂದರೆ ನಿಮ್ಮ ಕೆಲಸ ಪೂರ್ತಿ ಇಡುವುದು: ಲೇಯರ್, ಅಕ್ಷರ, ಮಾಸ್ಕ್ ಎಲ್ಲ. ಜೆಪಿಜಿಗೆ ಲೇಯರ್ ಗೊತ್ತಿಲ್ಲ. ಎಲ್ಲವನ್ನೂ ಒತ್ತಿ ಒಂದೇ ಹಾಳೆ ಮಾಡುತ್ತದೆ. ಮೇಲಾಗಿ ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಎಸೆದುಬಿಡುತ್ತದೆ. ಎಸೆದದ್ದು ವಾಪಸ್ ಬರುವುದಿಲ್ಲ. ತೆರೆದು, ತಿದ್ದಿ, ಮತ್ತೆ ಜೆಪಿಜಿ ಮಾಡಿದರೆ ಮತ್ತಷ್ಟು ಹೋಗುತ್ತದೆ. ಜೆಪಿಜಿ ಮುಕ್ತ ಮಾನಕವೇ, 1992ರದ್ದು. ಗಿರಾಕಿಗೆ ತೋರಿಸಲು ಬೇಕೇ ಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ಮೂಲ ಮಾತ್ರ ಅದಾಗಬಾರದು. ಗಿಂಪ್ ನಿಮ್ಮನ್ನು ಒಂದು ಕ್ಷಣ ತಡೆದು ಅದನ್ನೇ ಹೇಳುತ್ತಿದೆ.

ಇನ್ನೊಂದು ಫಾರ್ಮ್ಯಾಟ್ ತೋರಿಸಿದೆ, ಸಭೆಯಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ನೋಡಿದ್ದು ಇದನ್ನೇ. ಓಪನ್‌ರಾಸ್ಟರ್. ಲೇಯರ್ ಇರುವ ಚಿತ್ರವನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವುದಕ್ಕೆ ಅಂತ ಮುಕ್ತ ಸಾಫ್ಟ್‌ವೇರ್‌ನವರು 2006ರಲ್ಲಿ ಲಿಯೋನ್‌ನ ಲಿಬ್ರೆ ಗ್ರಾಫಿಕ್ಸ್ ಮೀಟಿಂಗ್‌ನಲ್ಲಿ ಇದನ್ನು ಕೈಗೆತ್ತಿಕೊಂಡರು. ಗಿಂಪ್‌ನಿಂದ ಮೂರು ಲೇಯರ್‌ನ ಒಂದು ಚಿತ್ರವನ್ನು ಹೀಗೆ ಎಕ್ಸ್‌ಪೋರ್ಟ್ ಮಾಡಿದೆ. ಫೈಲ್ ಹೆಸರಿನ ಕೊನೆಯನ್ನು ಬದಲಿಸಿ ಜಿಪ್ ಅಂತ ಮಾಡಿದೆ. ಜಿಪ್ ಅಂದರೆ ಹಲವು ಫೈಲ್ ಒಟ್ಟಿಗೆ ಕಟ್ಟಿದ ಗಂಟು. ಡಬಲ್ ಕ್ಲಿಕ್. ತೆರೆಯಿತು! ಒಳಗೆ ಒಂದು ಫೋಲ್ಡರ್, ಅದರಲ್ಲಿ ಮೂರು ಪಿಎನ್‌ಜಿ, ಒಂದೊಂದು ಲೇಯರ್‌ಗೆ ಒಂದೊಂದು. ಜೊತೆಗೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಬರೆದ ಒಂದು ಚಿಕ್ಕ ಪಠ್ಯದ ಫೈಲ್. ಚಿತ್ರಕಲೆಯ ಒಂದು ಸಾಫ್ಟ್‌ವೇರೂ ಇಲ್ಲದ ಕಂಪ್ಯೂಟರ್‌ನಲ್ಲೂ ಲೇಯರ್‌ಗಳು ಕೈಗೆ ಸಿಗುತ್ತವೆ. ಕ್ರಿಟಾದ ಸ್ವಂತ ಫೈಲೂ ಒಳಗೊಳಗೆ ಜಿಪ್ಪೇ. ಓಪನ್‌ರಾಸ್ಟರ್‌ಗೂ ಕೊರತೆ ಇದೆ. ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗುತ್ತದೆ. ಹಾಗಾಗಿ ಎಕ್ಸ್‌ಸಿಎಫ್ ಒಂದು, ಇದೊಂದು, ಎರಡೂ ಇಟ್ಟುಕೊಳ್ಳುವುದು ನನ್ನ ರೂಢಿ.

ಪ್ರೆಸ್‌ನವರ ಕಷ್ಟವನ್ನೂ ಹೇಳದೆ ಹೋದರೆ ಅನ್ಯಾಯ. ಅಚ್ಚಿಗೆ ಸಿಎಂವೈಕೆ ಬಣ್ಣ ಬೇಕು, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಗಳ ಲೆಕ್ಕ. ಗಿಂಪ್ ಬಹಳ ವರ್ಷ ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದಲ್ಲೇ ಇತ್ತು. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಸಿಎಂವೈಕೆಗೆ ಎಕ್ಸ್‌ಪೋರ್ಟ್ ಮಾಡುವ ದಾರಿ ಬಂದಿದೆ. ಕ್ರಿಟಾದಲ್ಲಿ ಬಹಳ ವರ್ಷದಿಂದ ಈ ಅನುಕೂಲ ಇದೆ. ಪುಟ ಜೋಡಿಸಲು ಸ್ಕ್ರೈಬಸ್ ಇದೆ, ಅದರಿಂದ ಸಿಎಂವೈಕೆ ಪಿಡಿಎಫ್ ತೆಗೆಯಬಹುದು. ಇಷ್ಟಾದರೂ ನೀವು ಫೈಲ್ ಒಯ್ದ ಕಡೆ "ಸಿಡಿಆರ್ ಇಲ್ಲೇನ್ರಿ?" ಅಂತಲೇ ಕೇಳುತ್ತಾರೆ. "ಕರ್ವ್ ಮಾಡಿ ಕೊಡ್ರಿ" ಅನ್ನುತ್ತಾರೆ. ಫಾಂಟ್ ಇಲ್ಲದೆ ಅಕ್ಷರ ಕೆಡಬಾರದು ಅಂತ ಹಾಗೆ ಹೇಳುತ್ತಾರೆ, ತಪ್ಪಲ್ಲ. ಆದರೆ ಕರ್ವ್ ಮಾಡಿದ ಮೇಲೆ ಅಕ್ಷರ ಬರೀ ಆಕಾರ. ಮುಂದಿನ ವರ್ಷದ ಜಾತ್ರೆಗೆ ಇಸವಿ ಬದಲಿಸಬೇಕೆಂದರೂ ಎಲ್ಲ ಮತ್ತೆ ಟೈಪ್ ಮಾಡಬೇಕು. ಕರ್ವ್ ಮಾಡಿದ್ದನ್ನು ಪ್ರೆಸ್‌ಗೆ ಕೊಡಿ. ಕರ್ವ್ ಮಾಡದ್ದನ್ನು, ಬಳಸಿದ ಫಾಂಟ್ ಸಮೇತ, ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಭಾರತ ಸರ್ಕಾರ 2010ರ ನವೆಂಬರ್‌ನಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ತಂದಿದೆ. ಕಚೇರಿಗೆ ಕೆಲಸ ಮಾಡಿಕೊಡುವವರು ಇದನ್ನು ನೆನಪಿಡಿ. ಮುಚ್ಚಿದ ಫೈಲೇ ಬೇಕು ಅಂದರೆ ಯಾಕೆ ಅಂತ ಮರ್ಯಾದೆಯಿಂದ ಕೇಳಬಹುದು.

ಕೊನೆಗೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಫ್ಲೆಕ್ಸ್ ಅಂಗಡಿಯ ಒಬ್ಬರು ಕೇಳಿದರು: "ಸರ, ಹತ್ತು ವರ್ಷದ್ದು ಸಿಡಿಆರ್ ಅವ ನಮ್ಮಲ್ಲಿ. ಎಲ್ಲ ಬದಲಿ ಮಾಡ್ಕೊಂತ ಕೂಡಾಕ ಆಗ್ತದೇನ್ರಿ?" ಆಗುವುದಿಲ್ಲ, ಬೇಡವೂ ಬೇಡ. ಆದರೆ ಕೋರೆಲ್ ನಿಮ್ಮಲ್ಲಿ ಇನ್ನೂ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಬೇಕಾಗುವ ಫೈಲ್‌ಗಳನ್ನು ಆರಿಸಿ. ಅವನ್ನು ಎಸ್‌ವಿಜಿಗೂ ಪಿಡಿಎಫ್‌ಗೂ ಎಕ್ಸ್‌ಪೋರ್ಟ್ ಮಾಡಿ, ಇಂಕ್‌ಸ್ಕೇಪ್‌ನಲ್ಲಿ ತೆರೆದು ಅಕ್ಷರ, ಬಣ್ಣ ಸರಿ ಇದೆಯಾ ನೋಡಿ. ದಿನಕ್ಕೆ ಐದು ಫೈಲ್ ಸಾಕು. ಸಭೆ ಮುಗಿದ ಮೇಲೆ ಅವರ ಪೆನ್‌ಡ್ರೈವ್‌ನಿಂದ ನಾಲ್ಕು ಸಿಡಿಆರ್ ಅಲ್ಲೇ ಇಂಕ್‌ಸ್ಕೇಪ್‌ನಲ್ಲಿ ಹಾಕಿ ನೋಡಿದೆವು. ಮೂರು ತೆರೆದವು. ಅದರಲ್ಲಿ ಒಂದರ ಕನ್ನಡ ಪೂರ್ತಿ ಇಂಗ್ಲಿಷ್ ಅಕ್ಷರದ ರಾಶಿಯಾಗಿ ಬಂತು, ಹಳೇ ಫಾಂಟ್. ನಾಲ್ಕನೆಯದು ಬರಲೇ ಇಲ್ಲ. ಅದನ್ನು ಮೊದಲು ಬದಲಿಸುತ್ತೇನೆ ಅಂತ ಗುರುತು ಹಾಕಿಕೊಂಡರು.

ಚಿತ್ರಕಲೆ ಓದುವ ಹುಡುಗಿ ಕೇಳಿದ್ದು ಬೇರೆ. "ಸರ, ಆ ಉಸ್ತಾದ್‌ರ ನಮೂನಿ ಏನಾದ್ವು?"

2004ರಲ್ಲಿ ಪರೀಕ್ಷೆಗೆ ಅಂತ ತೆಗೆದಿದ್ದ ಒಂಬತ್ತು ಪ್ರಿಂಟ್ ಅಂಗಡಿಯ ಹಳೇ ಕಡತದಲ್ಲಿ ಸಿಕ್ಕವು. ಅವನ್ನು ಈ ಸಲ ಒಳ್ಳೆ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ ಪಿಎನ್‌ಜಿ ಇಟ್ಟುಕೊಂಡು, ಇಂಕ್‌ಸ್ಕೇಪ್‌ನಲ್ಲಿ ಬರೆದೆ. ಉಳಿದವಕ್ಕೆ ಅವರ ಮನೆಯಲ್ಲಿದ್ದ ಹಳೇ ಹೂಜಿ, ಡಬ್ಬಿ, ತಟ್ಟೆಗಳೇ ಆಧಾರ. ಅವುಗಳ ಮೈಮೇಲಿನ ಬಳ್ಳಿಯ ಫೋಟೋ ತೆಗೆದು, ಉಬ್ಬಿದ ಕಡೆ ಸರಿಮಾಡಿ, ಗೆರೆ ಎಳೆಯುತ್ತೇನೆ. ಉಸ್ತಾದರಿಗೆ ಈಗ ವಯಸ್ಸಾಗಿದೆ. ಪಕ್ಕದಲ್ಲಿ ಕೂತು ಪರದೆ ಮೇಲೆ ಬೆರಳಿಟ್ಟು ತಿದ್ದುತ್ತಾರೆ: "ಈ ಎಲಿ ಹಿಂಗಲ್ಲ ಬೇಟಾ, ಇನ್ನಾ ಬಾಗಬೇಕು." ಪ್ರತಿ ಎಸ್‌ವಿಜಿಯ ಒಳಗೆ ಅವರ ತಂದೆಯ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದೇನೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸಿದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೋದ ಶುಕ್ರವಾರ ನಮಾಜ್ ಮುಗಿಸಿ ಬಂದು ಕೂತರು. 22ನೆಯದು ಮುಗಿಯಿತು. ಇನ್ನೂ 26 ಬಾಕಿ ಇವೆ.